ಒಂದೇ ರೆಕಾರ್ಡು ಕೇಳಿ ಕರೂಸೊ ಅವರನ್ನು ಅಳೆಯಬೇಡಿ: 1902ರಿಂದ 1920ರವರೆಗಿನ ದನಿಯ ಬಗ್ಗೆ ಒಂದು ಚರ್ಚೆ

ಶ್ರುತಿಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಹಳೆಯ ಗಾಯಕರ ಬಗ್ಗೆ ಮಾತು ಬಂದಾಗಲೆಲ್ಲ ಇಟಲಿಯ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಗಾಯಕ ಎನ್ರಿಕೊ ಕರೂಸೊ ಹೆಸರು ಬರುತ್ತದೆ. ಕೂಡಲೇ ಯಾರಾದರೂ ಒಂದು ಲಿಂಕ್ ಹಾಕುತ್ತಾರೆ. ಅದು ಬಹುತೇಕ 'ಪಾಲ್ಯಾಚ್ಚಿ' ಒಪೆರಾದ ಹಾಡು, 1907ರ 'ವೆಸ್ತಿ ಲಾ ಜುಬ್ಬಾ'. ಮೂರೂವರೆ ನಿಮಿಷ ಕೇಳಿ, "ಕರಕರ ಸದ್ದಿನ ಹಿಂದೆ ಯಾರೋ ಜೋರಾಗಿ ಕೂಗುತ್ತಿದ್ದಾರೆ, ಇದಕ್ಕೇ ಇಷ್ಟು ಹೆಸರಾ?" ಅಂತ ಮುಂದೆ ಹೋಗಿಬಿಡುತ್ತಾರೆ. ನನಗೆ ಇದು ತುಂಬಾ ಬೇಜಾರಿನ ವಿಷಯ.

ಕರೂಸೊ 1902ರಿಂದ 1920ರವರೆಗೆ ಸುಮಾರು 250 ಹಾಡು ರೆಕಾರ್ಡ್ ಮಾಡಿದರು. ಹದಿನೆಂಟು ವರ್ಷ. ಆ ಹದಿನೆಂಟು ವರ್ಷದಲ್ಲಿ ಅವರ ದನಿ ಒಂದೇ ಥರ ಉಳಿಯಲಿಲ್ಲ. ಶುರುವಿನಲ್ಲಿ ಹಗುರ, ಎಳೆಯ ದನಿ. ನಡುವೆ ತುಂಬಿಕೊಂಡು ಹೊಳೆಯುವ ದನಿ. ಕೊನೆಗೆ ಮಂದ್ರದಲ್ಲಿ ಕಪ್ಪಾಗಿ ದಪ್ಪಗಾದ ದನಿ. ಒಬ್ಬ ದೊಡ್ಡ ಗಾಯಕ ಬೆಳೆದು, ಕಾಯಿಲೆ ಬಿದ್ದು, ಅದನ್ನೂ ದಾಟಿ ಹಾಡಿದ್ದು ಪೂರ್ತಿ ರೆಕಾರ್ಡಿನಲ್ಲಿ ಸಿಗುವುದು ಬಹುಶಃ ಇವರಿಂದಲೇ ಶುರು. ಇವರಿಗಿಂತ ಹಿಂದಿನವರಾದ ಅದೆಲಿನಾ ಪಾತ್ತಿ, ತಮಾನ್ಯೊ ಕೂಡ ರೆಕಾರ್ಡ್ ಕೊಟ್ಟರು. ಆದರೆ ಅಷ್ಟರಲ್ಲಿ ಅವರ ಹಾಡುವ ಕಾಲ ಹೆಚ್ಚುಕಮ್ಮಿ ಮುಗಿದಿತ್ತು.

ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು ನೇಪಲ್ಸ್‌ನಲ್ಲಿ, 1873ರ ಫೆಬ್ರವರಿ 25. ಬಡ ಮನೆ, ತಂದೆ ಕಾರ್ಖಾನೆ ಕೆಲಸಗಾರ. ಹುಡುಗ ಚರ್ಚಿನಲ್ಲಿ ಹಾಡುತ್ತಾ, ಬೀದಿಯಲ್ಲಿ ಹಾಡುತ್ತಾ, ಮೆಕ್ಯಾನಿಕ್ ಹತ್ತಿರ ಕೆಲಸ ಕಲಿಯುತ್ತಾ ಬೆಳೆದ. ಹದಿನೈದಕ್ಕೆ ತಾಯಿ ಹೋದರು. ಮೊದಲ ಒಪೆರಾ 1895ರ ಮಾರ್ಚ್ 15ರಂದು, ಅದೇ ಊರಿನ ತಿಯಾತ್ರೊ ನುವೊವೊದಲ್ಲಿ. ಆ ಒಪೆರಾವನ್ನು ಈಗ ಯಾರೂ ಆಡುವುದಿಲ್ಲ. 1898ರಲ್ಲಿ ಮಿಲಾನ್‌ನಲ್ಲಿ 'ಫೆದೋರಾ' ಒಪೆರಾದ ಮೊದಲ ಪ್ರದರ್ಶನ ಆದ ಮೇಲೆ ಹೆಸರು ಬಂತು. 1900ರ ಡಿಸೆಂಬರ್ 26ಕ್ಕೆ ಮಿಲಾನ್‌ನ ದೊಡ್ಡ ಒಪೆರಾ ಮಂದಿರ ಲಾ ಸ್ಕಾಲಾ. 1903ರ ನವೆಂಬರ್ 23ಕ್ಕೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ. ಅಲ್ಲಿಂದ ಮುಂದೆ ಬದುಕಿರುವವರೆಗೂ ಅದೇ ಅವರ ಮನೆ.

ಇಷ್ಟೂ ವರ್ಷದ ರೆಕಾರ್ಡುಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು, ಯಾಕೆ? ಹೇಳಿ.

ಹಳೇತಟ್ಟೆ:
ಒಳ್ಳೇ ವಿಷಯ ಎತ್ತಿದ್ರಿ ಮೇಡಂ. ಹಾಡಿನ ಮಾತಿಗೆ ಮುಂಚೆ ತಟ್ಟೆ ತಿರುಗುವ ವೇಗದ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ತೊಂದರೆ ಅಲ್ಲೇ ಇದೆ.

ಎಲ್ಲರೂ ಹಳೆಯ ತಟ್ಟೆ ಅಂದರೆ ನಿಮಿಷಕ್ಕೆ 78 ಸುತ್ತು ಅಂತ ತಿಳಿದಿದ್ದಾರೆ. ಆ ಕಾಲದಲ್ಲಿ ಅದು ಎಲ್ಲೂ ಖಾಯಂ ಆಗಿರಲಿಲ್ಲ. ಕರೂಸೊ ಅವರ 1902ರ ಮಿಲಾನ್ ತಟ್ಟೆಗಳು ನಿಮಿಷಕ್ಕೆ ಎಪ್ಪತ್ತೊಂದು, ಎಪ್ಪತ್ತೆರಡರ ಸುಮಾರಿನಲ್ಲಿ ಓಡಬೇಕು. ಅಮೆರಿಕದ ವಿಕ್ಟರ್ ರೆಕಾರ್ಡ್ ಕಂಪನಿಯವು ಹೆಚ್ಚಿನವು ಎಪ್ಪತ್ತಾರರ ಆಸುಪಾಸು. ವೇಗ ನೂರಕ್ಕೆ ಆರರಷ್ಟು ಜಾಸ್ತಿ ಆದರೆ ಶ್ರುತಿ ಅರ್ಧ ಮನೆ ಏರುತ್ತದೆ. ಅಂದರೆ 1902ರ ತಟ್ಟೆಯನ್ನು 78ರಲ್ಲಿ ಓಡಿಸಿದರೆ ಶ್ರುತಿ ಅರ್ಧ ಮನೆಗಿಂತಲೂ ಮೇಲೆ ಹೋಗಿ, ದನಿ ತೆಳ್ಳಗಾಗಿ, ಕಂಪನ ಮೇಕೆ ಕೂಗಿದ ಹಾಗೆ ಕೇಳುತ್ತದೆ. ಯೂಟ್ಯೂಬಿನಲ್ಲಿ ಇರುವ ಎಷ್ಟೋ ಪ್ರತಿಗಳು ಹೀಗೇ ಇವೆ. ಆಮೇಲೆ ಜನ "ದನಿ ಚೆನ್ನಾಗಿಲ್ಲ" ಅಂತಾರೆ. ದನಿ ಅವರದ್ದೇ ಅಲ್ಲವಲ್ಲ!

ಎರಡನೆಯದು ರೆಕಾರ್ಡ್ ಮಾಡಿದ ರೀತಿ. 1925ಕ್ಕೆ ಮುಂಚೆ ಮೈಕ್ ಇಲ್ಲ, ವಿದ್ಯುತ್ ಇಲ್ಲ. ಒಂದು ದೊಡ್ಡ ಕೊಳವೆ. ಅದರ ಬಾಯಿಗೆ ಹಾಡಬೇಕು, ಆ ಗಾಳಿಯ ಅದುರಿಗೇ ಮುಳ್ಳು ಮೇಣದ ಮೇಲೆ ಗೀರಬೇಕು. ತಾರಕಕ್ಕೆ ಹೋದಾಗ ಗಾಯಕ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಗೀರು ಒಡೆದುಹೋಗುತ್ತದೆ. ಆ ಕೊಳವೆಗೆ ತೀರಾ ಕೆಳಗಿನ ಸದ್ದೂ ಹಿಡಿಯುತ್ತಿರಲಿಲ್ಲ, ತೀರಾ ಮೇಲಿನದ್ದೂ ಹಿಡಿಯುತ್ತಿರಲಿಲ್ಲ. ಆರ್ಕೆಸ್ಟ್ರಾದಲ್ಲಿ ಡಬಲ್ ಬಾಸ್ ಕೇಳುವುದಿಲ್ಲ ಅಂತ ಅದರ ಜಾಗಕ್ಕೆ ಟ್ಯೂಬಾ ಊದಿಸುತ್ತಿದ್ದರು. ಹೆಂಗಸರ ತಾರದನಿಯ ಹೊಳಪು ಅರ್ಧಕ್ಕರ್ಧ ಕಳೆದುಹೋಗುತ್ತಿತ್ತು. ಟೆನರ್ ಅನ್ನೋ ಗಂಡಸರ ಎತ್ತರದ ದನಿ ಮಾತ್ರ ಆ ಕಿಂಡಿಯಲ್ಲಿ ಸರಿಯಾಗಿ ಕೂರುತ್ತಿತ್ತು. ಅದರಲ್ಲೂ ಕರೂಸೊ ದನಿ. ರೆಕಾರ್ಡು ಅವರನ್ನು ಬೆಳೆಸಿತು, ಅವರು ರೆಕಾರ್ಡನ್ನು ಬೆಳೆಸಿದರು. ಅದುವರೆಗೆ ದೊಡ್ಡ ಗಾಯಕರು ಗ್ರಾಮಫೋನನ್ನು ಆಟದ ಸಾಮಾನು ಅಂತಲೇ ನೋಡುತ್ತಿದ್ದರು.

ಮಲೆನಾಡಿಗ:
ನನಗೆ ಒಪೆರಾ ಏನೂ ಗೊತ್ತಿಲ್ಲ. ಭಾಷೆಯೂ ಅರ್ಥ ಆಗಲ್ಲ. ಆದರೆ ಸಂಗೀತ ಕೇಳುತ್ತೇನೆ. ನಾನು ಎಲ್ಲಿಂದ ಶುರು ಮಾಡಲಿ? ಮೂರು ನಾಲ್ಕು ಹಾಡು ಹೇಳಿ ಸಾಕು, 250 ಬೇಡ.

ಕುಕ್ಕರಹಳ್ಳಿ:
ಆ ಮೊದಲ ರೆಕಾರ್ಡಿಂಗಿನ ಕಥೆ ಮೈಸೂರಿನವರಾದ ನಮಗೆ ಇನ್ನೂ ಹತ್ತಿರದ್ದು.

1902ರ ಏಪ್ರಿಲ್ 11. ಮಿಲಾನ್‌ನ ಗ್ರ್ಯಾಂಡ್ ಹೋಟೆಲ್. ಸಂಗೀತಗಾರ ವೆರ್ದಿ ಹಿಂದಿನ ವರ್ಷ ತೀರಿಕೊಂಡದ್ದು ಇದೇ ಹೋಟೆಲಿನಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಒಂದು ಕೋಣೆ ಹಿಡಿದು, ಪೆಟ್ಟಿಗೆಗಳ ಮೇಲೆ ಪಿಯಾನೊ ಎತ್ತಿ ಇಡಿಸಿ ಕಾಯುತ್ತಿದ್ದರು. ಪಿಯಾನೊ ಕೊಳವೆಯ ಎತ್ತರಕ್ಕೆ ಬರಬೇಕಲ್ಲ. ಕರೂಸೊ ಬಂದರು, ಒಂದೇ ಮಧ್ಯಾಹ್ನ ಹತ್ತು ಹಾಡು ಹಾಡಿದರು, ನೂರು ಪೌಂಡ್ ತೆಗೆದುಕೊಂಡು ಹೋದರು. ಲಂಡನ್ ಕಚೇರಿಯವರು "ಹಣ ಜಾಸ್ತಿಯಾಯ್ತು, ಬೇಡ" ಅಂತ ತಂತಿ ಕಳಿಸಿದ್ದರು, ಗೈಸ್‌ಬರ್ಗ್ ಅದನ್ನು ಬದಿಗಿಟ್ಟರು ಅಂತ ಕಥೆ. ಆ ತಂತಿ ನಿಜವಾಗಿ ಬಂದಿತ್ತೇ ಅಂತ ಸಂಶೋಧಕರಿಗೆ ಅನುಮಾನ ಇದೆ. ಹತ್ತು ಹಾಡು, ನೂರು ಪೌಂಡ್, ಅದಂತೂ ನಿಜ.

ಅದೇ ಗೈಸ್‌ಬರ್ಗ್ ಅದೇ ವರ್ಷದ ನವೆಂಬರಿನಲ್ಲಿ ಕಲ್ಕತ್ತಾದಲ್ಲಿದ್ದರು. ಅಲ್ಲಿ ಕೊಳವೆಯ ಮುಂದೆ ನಿಂತವರು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್. ಹಾಡು ಮುಗಿಸಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಕೊಂಡದ್ದನ್ನು ಈಗಲೂ ಕೇಳಬಹುದು. ಮೇಣದ ತಟ್ಟೆ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ಅಚ್ಚಾಗುತ್ತಿತ್ತು. ಯಾರ ಹಾಡು ಅಂತ ಅಲ್ಲಿನವರಿಗೆ ಗೊತ್ತಾಗಲಿ ಅಂತ ಈ ವ್ಯವಸ್ಥೆ. ಆ ಗೌಹರ್ ಜಾನ್ ಕೊನೆಗಾಲಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು. ಏಪ್ರಿಲಿನಲ್ಲಿ ಕರೂಸೊ, ನವೆಂಬರಿನಲ್ಲಿ ಗೌಹರ್ ಜಾನ್. ಒಬ್ಬನೇ ಮನುಷ್ಯ ಎರಡೂ ದನಿ ಹಿಡಿದ. ಈ ಮಾತು ಇಲ್ಲಿನ ಸಂಗೀತದ ಪಾಠಗಳಲ್ಲಿ ಬರಬೇಕು ಅಂತ ನನ್ನ ಆಸೆ.

ಶ್ರುತಿಪೆಟ್ಟಿಗೆ:
ಕುಕ್ಕರಹಳ್ಳಿ ಅವರೇ, ತುಂಬಾ ಖುಷಿಯಾಯಿತು.

ಮಲೆನಾಡಿಗರೇ, ನಿಮಗೆ ನನ್ನ ಸಲಹೆ: ಬೇರೆ ಬೇರೆ ಹಾಡು ಕೇಳಬೇಡಿ. ಒಂದೇ ಹಾಡನ್ನು ಬೇರೆ ಬೇರೆ ವರ್ಷದಲ್ಲಿ ಕೇಳಿ. 'ಊನಾ ಫುರ್ತಿವಾ ಲಾಗ್ರಿಮಾ' ತೆಗೆದುಕೊಳ್ಳಿ. ದೊನಿಜೆತ್ತಿ ಅವರ 'ಎಲಿಸಿರ್' ಒಪೆರಾದ ಹಾಡು. ನೆಮೊರಿನೊ ಅನ್ನೋ ಹಳ್ಳಿ ಹುಡುಗ, ಸ್ವಲ್ಪ ಮುಗ್ಧ. ತಾನು ಇಷ್ಟಪಟ್ಟ ಹುಡುಗಿಯ ಕಣ್ಣಲ್ಲಿ ಕದ್ದು ಒಂದು ಹನಿ ನೀರು ಬಂದದ್ದನ್ನು ನೋಡಿದ್ದಾನೆ. ಓ, ಇವಳಿಗೂ ನಾನು ಇಷ್ಟ ಅಂತ ಆಗ ಗೊತ್ತಾಗುತ್ತದೆ. ಅಷ್ಟೇ ಹಾಡು.

ಕರೂಸೊ ಇದನ್ನು 1902ರಲ್ಲಿ ಹಾಡಿದರು, 1904ರ ಫೆಬ್ರವರಿ 1ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಕಟ್ಟಡದ 826ನೇ ಕೋಣೆಯಲ್ಲಿ ಹಾಡಿದರು, 1911ರಲ್ಲಿ ಆರ್ಕೆಸ್ಟ್ರಾ ಜೊತೆ ಹಾಡಿದರು. 1904ರದ್ದು ಬರೀ ಪಿಯಾನೊ ಜೊತೆ. ಹಾಡು ಒಂದು ತಟ್ಟೆಯಲ್ಲಿ ಹಿಡಿಸದೆ ಎರಡು ತಟ್ಟೆಗೆ ಹಂಚಿದ್ದಾರೆ. ಆದ್ದರಿಂದ ಅವಸರವೇ ಇಲ್ಲ. ಒಂದು ಸ್ವರವನ್ನು ಜೋರಾಗಿ ಹಿಡಿದು, ಉಸಿರು ಬಿಡದೆ ಸಣ್ಣಗೆ ಸಣ್ಣಗೆ ಮಾಡುತ್ತಾ ಹೋಗುತ್ತಾರೆ. ಕೊನೆಯ ಆಲಾಪದಂಥ ಭಾಗವನ್ನು ಗಮನಿಸಿ. "ಬರೀ ಕೂಗುತ್ತಾರೆ" ಅನ್ನೋ ಮಾತಿಗೆ ಇದೇ ಉತ್ತರ. 1911ಕ್ಕೆ ಬನ್ನಿ. ಅದೇ ಹುಡುಗ ಈಗ ದೊಡ್ಡವನಾಗಿದ್ದಾನೆ. ದನಿ ಅಗಲವಾಗಿದೆ, ಕೆಳಗಿನ ಸ್ವರಗಳಲ್ಲಿ ತೂಕ ಬಂದಿದೆ, ಆದರೆ ಆ ಎಳೆತನ ಹೋಗಿದೆ. ನಡುವೆ 1909ರಲ್ಲಿ ಮಿಲಾನ್‌ನಲ್ಲಿ ಗಂಟಲ ಗಂಟಿಗೆ ಆಪರೇಷನ್ ಆಗಿತ್ತು. ಹಾಡುವವರಿಗೆ ಅದಕ್ಕಿಂತ ದೊಡ್ಡ ಭಯ ಇದೆಯಾ? ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಿದ್ದರು.

ಎರಡನೆಯದಾಗಿ 'ವೆಸ್ತಿ ಲಾ ಜುಬ್ಬಾ'. ಇದೂ ಮೂರು ಸಲ ಇದೆ: 1902, 1904, 1907. ಕನ್ನಡದವರಿಗೆ ಈ ಕಥೆ ಕೂಡಲೇ ಹಿಡಿಸುತ್ತದೆ. ಊರೂರು ತಿರುಗುವ ನಾಟಕ ಕಂಪನಿಯ ಯಜಮಾನ. ಹೆಂಡತಿಗೆ ಬೇರೆಯವನ ಸಂಬಂಧ ಇರುವುದು ಈಗಷ್ಟೇ ಗೊತ್ತಾಗಿದೆ. ಟಿಕೆಟ್ ಮಾರಿ ಆಗಿದೆ, ಜನ ಕೂತಿದ್ದಾರೆ. ಬಣ್ಣ ಹಚ್ಚಿಕೊಂಡು ನಗಿಸಲು ಹೋಗಬೇಕು. 1907ರದ್ದನ್ನು ಕೇಳುವಾಗ ಕಥೆ ತಿಳಿದಿರಲಿ. ಆಗ ಅದು ಕೂಗು ಅನ್ನಿಸುವುದಿಲ್ಲ.

ಮೂರನೆಯದು ಒಪೆರಾ ಅಲ್ಲ, ನೇಪಲ್ಸ್‌ನ ಆಡುಮಾತಿನ ಹಾಡು. 'ಕೋರೆ ಎನ್ಗ್ರಾತೊ', 1911ರದ್ದು. ನ್ಯೂಯಾರ್ಕಿನಲ್ಲಿದ್ದ ಇಟಲಿಯವರೇ ಬರೆದ ಹಾಡು, ಊರು ಬಿಟ್ಟು ಬಂದವರ ಹಾಡು. ಮನೆಮಾತಿನಲ್ಲಿ ಹಾಡುವಾಗ ಅವರ ಗಂಟಲು ಎಷ್ಟು ಸಲೀಸಾಗಿ ತೆರೆದುಕೊಳ್ಳುತ್ತದೆ ನೋಡಿ.

ನಾಲ್ಕನೆಯದನ್ನು ಆಮೇಲೆ ಹೇಳುತ್ತೇನೆ. ಅದನ್ನು ಮೊದಲೇ ಕೇಳಬಾರದು.

ಧಾರವಾಡದವ:
ನೀವು ಹೇಳೋದೆಲ್ಲ ಸರಿ ಇರಬಹುದು ನೋಡ್ರಿ. ಆದರೆ 'ವೆಸ್ತಿ ಲಾ ಜುಬ್ಬಾ'ದಲ್ಲಿ ಆ ಬಿಕ್ಕಿ ಬಿಕ್ಕಿ ಅಳುವುದು ನನಗೆ ಹಿಡಿಸುವುದಿಲ್ಲ. ಸ್ವರದೊಳಗೆ ಅಳು ಇರಬೇಕು, ಸ್ವರ ಬಿಟ್ಟು ಅಳಬಾರದು. ಅಬ್ದುಲ್ ಕರೀಂ ಖಾನ್ ಸಾಹೇಬರನ್ನು ಕೇಳಿರಿ. ಅವರು ಹುಟ್ಟಿದ್ದು 1872, ಕರೂಸೊಗಿಂತ ಒಂದಿಷ್ಟು ತಿಂಗಳು ದೊಡ್ಡವರು. ಅವರೂ 1905ರ ಹೊತ್ತಿಗೆ ಇದೇ ಕೊಳವೆಗೆ ಹಾಡಿದರು, ಮತ್ತೆ 1930ರ ದಶಕದಲ್ಲಿ ಓಡಿಯನ್ ಕಂಪನಿಗೆ ಮೈಕ್ ಮುಂದೆ ಹಾಡಿದರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಆ ಮೂರು ನಿಮಿಷದ ತಟ್ಟೆಗಳಲ್ಲಿ ಎಷ್ಟು ಕರುಣೆ ಇದೆ! ಒಂದು ಬಿಕ್ಕೂ ಇಲ್ಲ.

ಶ್ರುತಿಪೆಟ್ಟಿಗೆ:
ಖಾನ್ ಸಾಹೇಬರ ಬಗ್ಗೆ ಎರಡು ಮಾತಿಲ್ಲ ಸರ್. ಆದರೆ ಅವರು ರಾಗ ಹಾಡುತ್ತಿದ್ದರು, ಇವರು ಪಾತ್ರ ಆಡುತ್ತಿದ್ದರು. ಮೂರೂವರೆ ಸಾವಿರ ಜನ ಕೂರುವ ಮೆಟ್ರೋಪಾಲಿಟನ್ ರಂಗಮಂದಿರದಲ್ಲಿ, ಮೈಕ್ ಇಲ್ಲದೆ, ಎದುರಿಗೆ ಇಡೀ ಆರ್ಕೆಸ್ಟ್ರಾ ಇಟ್ಟುಕೊಂಡು, ಕೊನೆಯ ಸಾಲಿನವನಿಗೂ ಮುಟ್ಟಿಸಬೇಕು. ನಮ್ಮ ಕಂಪನಿ ನಾಟಕದ ಹಳೆಯ ನಟರನ್ನು ಅದೇ ಲೆಕ್ಕದಲ್ಲಿ ಕೇಳುತ್ತೇವೆ ಅಲ್ವಾ?

ಇನ್ನೊಂದು ಮಾತು. ಬಿಕ್ಕು ಇರುವುದು ಬೆರಳೆಣಿಕೆಯ ರೆಕಾರ್ಡುಗಳಲ್ಲಿ. ಅವರ ನಂತರ ಬಂದ ಟೆನರ್‌ಗಳು ಬಿಕ್ಕನ್ನೇ ಎತ್ತಿಕೊಂಡರು, ಉಸಿರಿನ ಹಿಡಿತವನ್ನು ಎತ್ತಿಕೊಳ್ಳಲಿಲ್ಲ. ಬೈಗುಳ ಮಾತ್ರ ಇವರಿಗೆ ಬಂತು. ನೀವು 1904ರ ಆ 'ಊನಾ ಫುರ್ತಿವಾ ಲಾಗ್ರಿಮಾ' ಹಾಡನ್ನೇ ಕೇಳಿ ಹೇಳಿ.

ಹಡ್ಸನ್ ದಂಡೆ ಕನ್ನಡಿಗ:
ನಾನಿರುವುದು ನ್ಯೂಜೆರ್ಸಿಯಲ್ಲಿ. ವಿಕ್ಟರ್ ಕಂಪನಿ ಇದ್ದ ಕ್ಯಾಮ್ಡೆನ್ ಊರು ಇದೇ ರಾಜ್ಯದ ದಕ್ಷಿಣದಲ್ಲಿದೆ, ನದಿ ದಾಟಿದರೆ ಫಿಲಡೆಲ್ಫಿಯಾ. ಕಾರ್ಖಾನೆಯ ಒಂದು ಕಟ್ಟಡದ ಗೋಪುರದ ನಾಲ್ಕೂ ಕಡೆ ಬಣ್ಣದ ಗಾಜಿನಲ್ಲಿ ಕಂಪನಿಯ ಗುರುತಾದ ನಾಯಿಯ ಚಿತ್ರ ಇದೆ. ನಮ್ಮ ಅಜ್ಜಿ ಮನೆಯ ನಾಯಿ ಮಾರ್ಕಿನ ಗ್ರಾಮಫೋನಿನಲ್ಲಿ ಇದ್ದ ನಾಯಿಯೇ. ಈಗ ಆ ಕಟ್ಟಡದಲ್ಲಿ ಜನ ಬಾಡಿಗೆಗೆ ವಾಸ ಇದ್ದಾರೆ. ಊರಿಂದ ಬಂದವರನ್ನು ನಾನು ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಬೆಲೆಯ ಮಾತು ಹೇಳಬೇಕು. ವಿಕ್ಟರ್‌ನವರ ಕೆಂಪು ಲೇಬಲ್ ತಟ್ಟೆಗಳು ಒಂದೇ ಬದಿಯವು. ಕರೂಸೊ ಒಬ್ಬರೇ ಹಾಡಿದ ದೊಡ್ಡ ತಟ್ಟೆಗೆ 3 ಡಾಲರ್. 1908ರಲ್ಲಿ 'ಲೂಚಿಯಾ' ಒಪೆರಾದ ಆರು ಜನ ಹಾಡುವ ಭಾಗ ಬಂತು. ಜೊತೆಗೆ ಸೆಂಬ್ರಿಕ್, ಸ್ಕಾತ್ತಿ ಮುಂತಾದವರು. ಅದಕ್ಕೆ 7 ಡಾಲರ್! ಒಂದು ಬದಿ, ನಾಲ್ಕು ನಿಮಿಷ. ಆ ಕಾಲದ ಕೂಲಿಯವನಿಗೆ ಹಲವು ದಿನದ ದುಡಿಮೆ. ಆದರೂ ಕೊಂಡರು. ಸಾಲ ಮಾಡಿ ಗ್ರಾಮಫೋನ್ ತಂದ ಇಟಲಿಯ ವಲಸೆಗಾರರು ಇದ್ದರು. ಅವರಿಗೆ ಕರೂಸೊ ಬರೀ ಗಾಯಕ ಅಲ್ಲ, ತಮ್ಮವನೊಬ್ಬ ಈ ದೇಶದಲ್ಲಿ ಗೆದ್ದ ಗುರುತು. ಹೊರಗೆ ಬಂದು ಬದುಕುವ ನನಗೆ ಇದು ಬಹಳ ಚೆನ್ನಾಗಿ ಅರ್ಥವಾಗುತ್ತದೆ.

ಹಳೇತಟ್ಟೆ:
'ಹತ್ತು ಲಕ್ಷ ಮಾರಾಟವಾದ ಮೊದಲ ರೆಕಾರ್ಡು' ಅಂತ 'ವೆಸ್ತಿ ಲಾ ಜುಬ್ಬಾ' ಬಗ್ಗೆ ಎಲ್ಲ ಕಡೆ ಬರೆದಿರುತ್ತಾರೆ. ಅದು ಒಂದು ತಟ್ಟೆಯ ಲೆಕ್ಕ ಅಲ್ಲ, ಬೇರೆ ಬೇರೆ ವರ್ಷದ ಮುದ್ರಣಗಳನ್ನು ಕೂಡಿಸಿ ಹೇಳುವ ಮಾತು. ಹಾಗೆಯೇ 'ಇಪ್ಪತ್ತೊಂದು ಮಕ್ಕಳಲ್ಲಿ ಹದಿನೆಂಟನೆಯವರು' ಅನ್ನೋ ಕಥೆಯೂ ಸುಳ್ಳು. ಏಳು ಮಕ್ಕಳಲ್ಲಿ ಮೂರನೆಯವರು. ಇಂಥ ಕಥೆಗಳ ಹಂಗು ಅವರಿಗೆ ಬೇಕಾಗಿಲ್ಲ.

ಈಗ ಯಾವ ಪ್ರತಿ ಕೇಳಬೇಕು ಅನ್ನೋದು. ಕರೂಸೊ ಹೋದ ಮೇಲೆ, 1932ರಲ್ಲಿ, ವಿಕ್ಟರ್‌ನವರು ಹಳೆಯ ತಟ್ಟೆಗಳ ಮೇಲೆ ಹೊಸ ಆರ್ಕೆಸ್ಟ್ರಾ ಹೇರಿ ಮಾರಿದರು. ಈಚೆಗೂ ಹಾಗೆ ಮಾಡಿದವರಿದ್ದಾರೆ. ನನಗೆ ಅದು ಬೇಡವೇ ಬೇಡ. ಹಿನ್ನೆಲೆ ಇವತ್ತಿನದು, ದನಿ ನೂರು ವರ್ಷ ಹಳೆಯದು, ಎರಡೂ ಒಂದೇ ಕೋಣೆಯಲ್ಲಿ ಇರುವುದಿಲ್ಲ. 1976ರ ಕೆಲಸ ಬೇರೆ ಥರದ್ದು. ಅಮೆರಿಕದ ಯೂಟಾದಲ್ಲಿ ಥಾಮಸ್ ಸ್ಟಾಕ್‌ಹ್ಯಾಮ್ ಅನ್ನೋ ಎಂಜಿನಿಯರ್ ಕಂಪ್ಯೂಟರಿನಿಂದ ಆ ಕೊಳವೆಯ ಗುಂಯ್‌ಗುಟ್ಟುವಿಕೆಯನ್ನು ಲೆಕ್ಕ ಹಾಕಿ ತೆಗೆದರು. ಡಿಜಿಟಲ್ ದನಿಯ ಚರಿತ್ರೆಯಲ್ಲೇ ಅದೊಂದು ದೊಡ್ಡ ಹೆಜ್ಜೆ. ಅದಕ್ಕೆ ಆರಿಸಿದ್ದು ಕರೂಸೊ ದನಿ. ಆದರೆ ಅದರಲ್ಲಿ ಸದ್ದಿನ ಜೊತೆ ಸ್ವಲ್ಪ ಜೀವವೂ ಹೋಗಿದೆ ಅಂತ ನನಗನ್ನಿಸುತ್ತದೆ.

ನನ್ನ ಆಯ್ಕೆ ವಾರ್ಡ್ ಮಾರ್ಸ್ಟನ್ ಅವರದು. ನಾಕ್ಸೋಸ್ ಕಂಪನಿಯಲ್ಲಿ ಹನ್ನೆರಡು ಸಂಪುಟ ಬಂದಿವೆ. ಹುಟ್ಟಿನಿಂದಲೇ ಕಣ್ಣು ಕಾಣದ ಮನುಷ್ಯ. ಆ ಕಿವಿ ಎಂಥದ್ದು! ಪ್ರತಿ ತಟ್ಟೆಯ ಶ್ರುತಿ ನೋಡಿ ವೇಗ ಕೂರಿಸಿದ್ದಾರೆ. ಪುಕ್ಕಟೆ ಬೇಕಾದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ನ್ಯಾಷನಲ್ ಜ್ಯೂಕ್‌ಬಾಕ್ಸ್ ತಾಣದಲ್ಲಿ ವಿಕ್ಟರ್ ತಟ್ಟೆಗಳಿವೆ. 1923ಕ್ಕೆ ಮುಂಚಿನ ರೆಕಾರ್ಡುಗಳ ಹಕ್ಕು ಅಮೆರಿಕದಲ್ಲಿ 2022ರ ಜನವರಿಗೆ ಮುಗಿಯಿತು. ಆದ್ದರಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸ್ವಲ್ಪ ಕರಕರ ಇದ್ದರೆ ಇರಲಿ, ಹತ್ತು ನಿಮಿಷದಲ್ಲಿ ಕಿವಿ ಒಗ್ಗಿಕೊಳ್ಳುತ್ತದೆ.

ಕುಕ್ಕರಹಳ್ಳಿ:
ಅವರು ನೇಪಲ್ಸ್‌ನಲ್ಲಿ ಹಾಡುವುದನ್ನು ಬಿಟ್ಟರು ಅಂತ ಕೇಳಿದ್ದೇನೆ. ನಿಜವೇ?

ಶ್ರುತಿಪೆಟ್ಟಿಗೆ:
ನಿಜ. 1901ರ ಡಿಸೆಂಬರಿನಲ್ಲಿ ಅಲ್ಲಿನ ಸಾನ್ ಕಾರ್ಲೊ ರಂಗಮಂದಿರದಲ್ಲಿ ಇದೇ ನೆಮೊರಿನೊ ಪಾತ್ರ ಮಾಡಿದರು. ಅದೂ ಹುಟ್ಟೂರಿನಲ್ಲಿ. ಅಲ್ಲಿನ ಗಣ್ಯರು, ವಿಮರ್ಶಕರು ತಣ್ಣಗೆ ನೋಡಿದರು. ಅದು ಮನಸ್ಸಿಗೆ ಎಷ್ಟು ನಾಟಿತು ಅಂದರೆ ಆ ಊರಿನಲ್ಲಿ ಮತ್ತೆ ಒಪೆರಾ ಹಾಡಲೇ ಇಲ್ಲ. ಊಟಕ್ಕೆ ಬರುತ್ತೇನೆ, ಹಾಡಲು ಬರುವುದಿಲ್ಲ ಅಂದರಂತೆ. ಮುಂದಿನ ಹತ್ತೊಂಬತ್ತು ವರ್ಷ ಜಗತ್ತೆಲ್ಲ ಕರೆಯಿತು. ಕೊನೆಗೆ ಮೆಟ್ರೋಪಾಲಿಟನ್‌ನಲ್ಲಿ ಒಂದು ರಾತ್ರಿಗೆ 2,500 ಡಾಲರ್. 1920ರಲ್ಲಿ ಹವಾನಾದಲ್ಲಿ ಹತ್ತು ಸಾವಿರ. ಅಲ್ಲಿ 'ಐದಾ' ಒಪೆರಾ ನಡೆಯುವಾಗ ರಂಗಮಂದಿರದಲ್ಲಿ ಬಾಂಬ್ ಸಿಡಿಯಿತು.

ಈಗ ಆ ನಾಲ್ಕನೆಯ ಹಾಡು. 'ರಾಶೆಲ್, ಕಾಂ ದು ಸೆನ್ಯೂರ್'. ಫ್ರೆಂಚ್ ಒಪೆರಾ 'ಲಾ ಜ್ವೀವ್'. ಎಲೆಯಝಾರ್ ಅನ್ನೋ ಯಹೂದಿ ಅಕ್ಕಸಾಲಿಗ. ಮಗಳು ರಾಶೆಲ್‌ಗೆ ಮರಣದಂಡನೆ ಆಗಿದೆ. ಅವಳು ತನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ತನ್ನನ್ನು ಹಿಂಸಿಸುವ ಕಾರ್ಡಿನಲ್‌ನ ಮಗಳು ಅನ್ನೋದು ಅವನೊಬ್ಬನಿಗೇ ಗೊತ್ತು. ಬಾಯಿ ಬಿಟ್ಟರೆ ಅವಳು ಉಳಿಯುತ್ತಾಳೆ. ಬಿಡದಿದ್ದರೆ ಸೇಡು ತೀರುತ್ತದೆ. ಸಾಕಿದ ಮಗಳು, ಅವಳ ಹೆಸರು ಹಿಡಿದು ಹಾಡುತ್ತಾನೆ.

ಕರೂಸೊ ಈ ಪಾತ್ರ ಎತ್ತಿಕೊಂಡದ್ದು 1919ರಲ್ಲಿ, ನಲವತ್ತಾರನೇ ವಯಸ್ಸಿನಲ್ಲಿ. ಪ್ರೇಮಿಯ ಪಾತ್ರಗಳೇ ಟೆನರ್‌ಗೆ ಹೆಸರು ತರುವ ಕಾಲದಲ್ಲಿ ಮುದುಕ ತಂದೆಯ ವೇಷ ಹಾಕಿದರು. ರೆಕಾರ್ಡ್ ಮಾಡಿದ್ದು 1920ರ ಸೆಪ್ಟೆಂಬರ್ 14ರಂದು, ಕ್ಯಾಮ್ಡೆನ್‌ನಲ್ಲಿ, ವಿಕ್ಟರ್‌ನವರು ಕೊಂಡಿದ್ದ ಒಂದು ಚರ್ಚ್ ಕಟ್ಟಡದಲ್ಲಿ. ಇದಾದ ಎರಡು ದಿನಕ್ಕೆ ಅವರ ಕೊನೆಯ ರೆಕಾರ್ಡಿಂಗ್. ಡಿಸೆಂಬರ್ 11ಕ್ಕೆ ಬ್ರೂಕ್ಲಿನ್‌ನಲ್ಲಿ 'ಎಲಿಸಿರ್' ನಡುವೆ ಬಾಯಿಂದ ರಕ್ತ ಬಂತು. ಟವೆಲ್ ಮೇಲೆ ಟವೆಲ್ ಕೊಡುತ್ತಾ ಹೋದರು, ಇವರು ಹಾಡುತ್ತಾ ಹೋದರು. ಡಿಸೆಂಬರ್ 24ಕ್ಕೆ ಎಲೆಯಝಾರ್ ಆಗಿಯೇ ಕೊನೆಯ ಪ್ರದರ್ಶನ. ಆಮೇಲೆ ಎದೆಯಲ್ಲಿ ಕೀವು, ಆಪರೇಷನ್ ಮೇಲೆ ಆಪರೇಷನ್. 1921ರ ಆಗಸ್ಟ್ 2ರಂದು ನೇಪಲ್ಸ್‌ನಲ್ಲೇ ತೀರಿಕೊಂಡರು. ನಲವತ್ತೆಂಟು ವರ್ಷ.

1904ರ ಹಾಡು ಕೇಳಿ, ಆಮೇಲೆ ಇದನ್ನು ಕೇಳಿ. ಒಬ್ಬರೇ ಅಂತ ನಂಬಲು ಕಷ್ಟ. ದನಿಯಲ್ಲಿ ಹೊಳಪು ಕಮ್ಮಿ, ಉಸಿರು ಕೂಡ ಕಮ್ಮಿ. ಆದರೆ 'ರಾಶೆಲ್' ಅಂತ ಕರೆಯುವ ಆ ಮೊದಲ ಪದ... ಧಾರವಾಡದ ಸರ್, ಇದರಲ್ಲಿ ಅಳು ಸ್ವರದೊಳಗೇ ಇದೆ.

ಧಾರವಾಡದವ:
ಈಗಷ್ಟೇ ಎರಡೂ ಕೇಳಿದೆ. 1904ರದ್ದು ಬಹಳ ಸುಂದರ, ಅದರ ಬಗ್ಗೆ ತಕರಾರಿಲ್ಲ. ಈ 1920ರದ್ದನ್ನು ಮತ್ತೆ ಮತ್ತೆ ಹಾಕಿದೆ. 'ಪಾಲ್ಯಾಚ್ಚಿ' ಬಗ್ಗೆ ನನ್ನ ಅಭಿಪ್ರಾಯ ಅದೇ. ಆದರೆ ಈ ಮುದುಕನ ಹಾಡು ನನ್ನ ಸಂಗ್ರಹಕ್ಕೆ ಹೋಗುತ್ತದೆ.

ಮಲೆನಾಡಿಗ:
ಮೂರೂ ಕೇಳಿದೆ, ನಾಲ್ಕನೆಯದು ರಾತ್ರಿಗೆ. ನೇಪಲ್ಸ್ ಹಾಡು ಮನೆಯಲ್ಲಿ ಎಲ್ಲರಿಗೂ ಹಿಡಿಸಿತು. ಅವರು ಬೇರೆ ದೊಡ್ಡ ಗಾಯಕರ ಜೊತೆ ಸರಿಸಮ ನಿಂತು ಹಾಡಿದ್ದು ಯಾವುದಾದರೂ ಇದೆಯಾ? ಜುಗಲ್‌ಬಂದಿ ಥರ.

ಹಳೇತಟ್ಟೆ:
ಇದೆ, ಬಿಡಬೇಡಿ. 1914ರ ಜನವರಿ 8. 'ಒತೆಲ್ಲೊ' ಒಪೆರಾದ 'ಸೀ, ಪೆಲ್ ಚೆಲ್', ಬ್ಯಾರಿಟೋನ್ (ಟೆನರ್‌ಗಿಂತ ಕೆಳಗಿನ ಗಂಡು ದನಿ) ಗಾಯಕ ತಿತ್ತಾ ರುಫೊ ಜೊತೆ. ಇಬ್ಬರೂ ಸೇಡಿನ ಆಣೆ ಇಡುವ ದೃಶ್ಯ. ರುಫೊ ದನಿ ಕಬ್ಬಿಣ, ಕರೂಸೊ ಹಿಂದೆ ಬೀಳುವುದಿಲ್ಲ. ಇಬ್ಬರೂ ಸೇರಿ ಕೊಳವೆಯನ್ನೇ ಅಲ್ಲಾಡಿಸಿದ್ದಾರೆ, ಕೆಲವು ಕಡೆ ಗೀರು ಒಡೆದದ್ದು ಕೇಳುತ್ತದೆ. 1906ರಲ್ಲಿ ಸ್ಕಾತ್ತಿ ಜೊತೆ ಹಾಡಿದ 'ಸೊಲೆನ್ನೆ ಇನ್ ಕ್ವೆಸ್ತೋರಾ' ಇದಕ್ಕೆ ಪೂರ್ತಿ ಉಲ್ಟಾ, ಗಾಯಗೊಂಡ ಗೆಳೆಯನ ಮೆತ್ತನೆಯ ಮಾತು. ಎರಡನ್ನೂ ಕೇಳಿ.

ಒತೆಲ್ಲೊ ಪಾತ್ರವನ್ನು ಕರೂಸೊ ರಂಗದ ಮೇಲೆ ಒಮ್ಮೆಯೂ ಹಾಡಲಿಲ್ಲ. ರೆಕಾರ್ಡಿನಲ್ಲಿ ಇರುವುದು ಎರಡೇ ತುಣುಕು, 1910ರ ಒಂದು ಹಾಡು ಮತ್ತು ಇದು. ಆ ಎರಡನ್ನೂ ಸರಿಯಾದ ವೇಗಕ್ಕೆ ಕೂರಿಸಿದ ಪ್ರತಿ ನನ್ನ ಹತ್ತಿರ ಇದೆ, ನಾಳೆ ಇಲ್ಲೇ ಹಾಕುತ್ತೇನೆ.